ಎರೆ ಹೊಲದ ಬೈಕು, ಹಿಮದ ಬೈಕು

ಮೆಕ್ಕೆಜೋಳ ಮೊಣಕಾಲೆತ್ತರ ಬರುವ ಹೊತ್ತಿಗೆ ಚಿತ್ರದುರ್ಗ ಸೀಮೆಯಲ್ಲಿ ಎತ್ತಿನ ಜೋಡಿಗೆ ಎಲ್ಲಿಲ್ಲದ ಬೆಲೆ ಬರುತ್ತದೆ. ಎಲ್ಲರ ಹೊಲಕ್ಕೂ ಒಂದೇ ವಾರದಲ್ಲಿ ಎಡೆಕುಂಟೆ ಆಡಬೇಕು, ಊರಿಗೆಲ್ಲ ಉಳಿದಿರುವುದು ನಾಲ್ಕಾರು ಜೋಡಿ. ಟ್ರ್ಯಾಕ್ಟರ್ ಇಳಿಸಿದರೆ ಬೆಳೆ ಚಕ್ರದಡಿಗೆ ಹೋಗುತ್ತದೆ. ಈ ಬಿಕ್ಕಟ್ಟಿನಲ್ಲಿ ಹಟ್ಟಿಯ ಮೂಲೆಯಲ್ಲಿ ತಾಡಪಾಲು ಹೊದ್ದು ನಿಂತ ಹಳೇ ಬೈಕಿನ ಮೇಲೆ ಕಣ್ಣು ಬೀಳುತ್ತದೆ. ಹಿಂದಿನ ಚಕ್ರ ಬಿಚ್ಚಿ, ಆ ಜಾಗಕ್ಕೆ ಲೇತ್ ಅಂಗಡಿಯಲ್ಲಿ ಮಾಡಿಸಿದ ಚೌಕಟ್ಟು, ಹಲ್ಲಿರುವ ಎರಡು ಚಕ್ರ, ಹಿಂದೆ ಕುಂಟೆ. ಸಾಲಿನ ನಡುವೆ ಅದು ಹೋಗುವುದನ್ನು ನೋಡಲು ದಾರಿಹೋಕರೂ ಬದುವಿನ ಮೇಲೆ ನಿಲ್ಲುತ್ತಾರೆ.

ಇದೇ ಕೆಲಸವನ್ನು ಅಮೆರಿಕದ ಇಡಾಹೊ ರಾಜ್ಯದ ಬೆಟ್ಟಗಳಲ್ಲಿ ಬೇರೆ ಕಾರಣಕ್ಕೆ ಮಾಡುತ್ತಾರೆ. ಅಲ್ಲಿ ಚಳಿಗಾಲ ಬಂತೆಂದರೆ ಡರ್ಟ್ ಬೈಕಿನ ಹಿಂಚಕ್ರ ಕಳಚಿ ರಬ್ಬರಿನ ಪಟ್ಟಿಯಿರುವ ಟ್ರ್ಯಾಕ್ ಜೋಡಿಸುತ್ತಾರೆ, ಮುಂಚಕ್ರದ ಜಾಗಕ್ಕೆ ಅಗಲವಾದ ಒಂದೇ ಹಿಮಹಲಗೆ. ಇದಕ್ಕೆ ಸ್ನೋ ಬೈಕ್ ಎಂದು ಹೆಸರು. ಅಲೆನ್ ಮಂಗಮ್ ಎಂಬವರು ಕಟ್ಟಿದ ಟಿಂಬರ್‌ಸ್ಲೆಡ್ ಕಂಪನಿ ಇಂಥ ಕಿಟ್‌ಗಳಿಗೆ ಹೆಸರಾಯಿತು, 2015ರಲ್ಲಿ ಅದನ್ನು ಪೊಲಾರಿಸ್ ಕೊಂಡಿತು. ಅಲ್ಲಿಯದು ಮೋಜು, ಇಲ್ಲಿಯದು ಕಳೆ. ಆದರೂ ಕಿಟ್ ಆರಿಸುವಾಗ ಎರಡೂ ಕಡೆಯವರು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಹಿಮದ ಕಿಟ್ ಬಗ್ಗೆ ಅಲ್ಲಿನ ಸವಾರರು ಕಲಿತದ್ದನ್ನು ಹಿರಿಯೂರಿನ ಎರೆಯ ಮೇಲಿಟ್ಟು ನೋಡಿದರೆ, ನಮ್ಮ ಲೇತ್ ಅಂಗಡಿಗಳಲ್ಲಿ ಎಲ್ಲಿ ತಪ್ಪುತ್ತಿದೆ ಎಂಬುದು ಸಲೀಸಾಗಿ ಕಾಣುತ್ತದೆ.

ನಮ್ಮ ಕಡೆಯ ವಿದ್ಯೆಯ ಮೂಲಪುರುಷ ಗುಜರಾತಿನವರು. ಅಮ್ರೇಲಿ ಜಿಲ್ಲೆಯ ಮೋಟಾ ದೇವಳಿಯಾ ಗ್ರಾಮದ ಮನ್ಸುಖ್‌ಭಾಯ್ ಜಗಾನಿ 1994ರ ಸುಮಾರಿಗೆ ಬುಲೆಟ್ ಬೈಕಿಗೆ ಕುಂಟೆ ಕಟ್ಟಿದರು. ಸೌರಾಷ್ಟ್ರದಲ್ಲಿ ಆಗ ಬರ, ಎತ್ತು ಸಾಕುವುದು ದುಬಾರಿ, ಆಳು ಸಿಗದ ಕಾಲ. ಅವರು ಆರಿಸಿಕೊಂಡದ್ದು 325 ಸಿಸಿಯ ಡೀಸೆಲ್ ಬುಲೆಟ್. ಹಿಂಚಕ್ರ ತೆಗೆದು ಎರಡು ಚಿಕ್ಕ ಚಕ್ರಗಳ ಚೌಕಟ್ಟು, ಅದಕ್ಕೆ ಬಿತ್ತುವ, ಎಡೆ ಹೊಡೆಯುವ, ಔಷಧ ಸಿಂಪಡಿಸುವ ಸಲಕರಣೆ ಬೇಕಾದಂತೆ ಬದಲಿಸುವ ಅಡ್ಡಪಟ್ಟಿ. 'ಬುಲೆಟ್ ಸಾಂತಿ' ಎಂದು ಹೆಸರಾದ ಇದನ್ನು ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನ ಎತ್ತಿ ಹಿಡಿಯಿತು, ಅಮೆರಿಕದ ಪೇಟೆಂಟೂ ಸಿಕ್ಕಿತು. ಡೀಸೆಲ್ ಬುಲೆಟ್ ಆರಿಸಿದ್ದರಲ್ಲೇ ಅವರ ಜಾಣತನವಿದೆ. ಆ ಎಂಜಿನ್ ನಿಧಾನವಾಗಿ ತಿರುಗುತ್ತಲೇ ಬಲವಾಗಿ ಎಳೆಯುತ್ತದೆ. ನಮ್ಮಲ್ಲಿ ಕೈಗೆ ಸಿಗುವುದು 100 ಸಿಸಿಯ ಪೆಟ್ರೋಲ್ ಬೈಕು, ಅದರ ಸ್ವಭಾವ ತಿರುಗುಮುರುಗು.

ಬೈಕಿಗೆ ಶಕ್ತಿ ಸಾಲದು ಎಂಬ ಮಾತು ಎಲ್ಲರ ಬಾಯಲ್ಲೂ ಕೇಳುತ್ತದೆ. ಲೆಕ್ಕ ಹಾಕಿದರೆ ಅದು ನಿಲ್ಲುವುದಿಲ್ಲ. ದುಡಿಯುವ ಎತ್ತು ತನ್ನ ತೂಕದ ಸುಮಾರು ಹತ್ತನೇ ಒಂದು ಭಾಗವನ್ನು ದಿನವಿಡೀ ಎಳೆಯಬಲ್ಲದು ಎಂಬುದು ಕೃಷಿ ಎಂಜಿನಿಯರುಗಳು ಇಟ್ಟುಕೊಂಡ ಅಂದಾಜು. ಒಳ್ಳೆಯ ಜೋಡಿ 700 ಕೆಜಿ ತೂಗಿದರೆ ಎಳೆತ 70 ಕೆಜಿ. ಗಂಟೆಗೆ ಎರಡೂವರೆ ಕಿಲೋಮೀಟರ್ ನಡಿಗೆಯಲ್ಲಿ ಅದು ಮುಕ್ಕಾಲು ಅಶ್ವಶಕ್ತಿಯನ್ನೂ ಮುಟ್ಟುವುದಿಲ್ಲ. ಹೀರೋ ಸ್ಪ್ಲೆಂಡರಿನ ಎಂಜಿನ್ 8 ಅಶ್ವಶಕ್ತಿ ಕೊಡುತ್ತದೆ, ಅಂದರೆ ಹತ್ತು ಜೋಡಿ ಎತ್ತಿನಷ್ಟು. ಹಾಗಿದ್ದೂ ಬರೀ ಬೈಕಿಗೆ ಕುಂಟೆ ಕಟ್ಟಿದರೆ ಚಕ್ರ ನಿಂತಲ್ಲೇ ಗಿರಗಿರನೆ ತಿರುಗುತ್ತದೆ. ಸ್ಪ್ಲೆಂಡರಿನ ತೂಕ 112 ಕೆಜಿ, ಸವಾರನೂ ಸೇರಿ 180 ಇರಬಹುದು, ಹಿಂಚಕ್ರದ ಮೇಲೆ ಬೀಳುವುದು 105ರ ಆಸುಪಾಸು. ಸಡಿಲ ಮಣ್ಣಿನಲ್ಲಿ ಚಕ್ರ ತನ್ನ ಮೇಲಿನ ಭಾರದ ಅರ್ಧದಷ್ಟನ್ನೂ ಎಳೆತವಾಗಿ ಕೊಡಲಾರದು. ಐವತ್ತು ಕೆಜಿ ದಾಟುವುದಿಲ್ಲ ಎಂದಾಯಿತು. ಅಂದರೆ ಕೊರತೆ ಇರುವುದು ಹಿಡಿತದಲ್ಲಿ. ಎಂಜಿನ್ ದೊಡ್ಡದು ಹುಡುಕುತ್ತಾ ಹಣ ಸುರಿಯುವವರು ಮೊದಲು ಇಲ್ಲಿ ನಿಲ್ಲಬೇಕು.

ಹಿಡಿತ ಎಲ್ಲಿಂದ ಬರುತ್ತದೆ? ಫ್ರಾನ್ಸಿನ ಚಾರ್ಲ್ಸ್ ಕೂಲಂ 1773ರಲ್ಲಿ ಮಂಡಿಸಿದ ಪ್ರಬಂಧದಲ್ಲಿ ಮಣ್ಣು ಜಾರದೆ ತಡೆಯುವುದಕ್ಕೆ ಎರಡು ಮೂಲ ಹೇಳಿದ. ಒಂದು, ಕಣಕ್ಕೆ ಕಣ ಅಂಟಿಕೊಂಡಿರುವ ಅಂಟು. ಇನ್ನೊಂದು, ಮೇಲಿನ ಭಾರದಿಂದ ಹುಟ್ಟುವ ತಿಕ್ಕಾಟ. ವಾಹನಕ್ಕೆ ಇದನ್ನು ಅನ್ವಯಿಸಿದಾಗ ಮಣ್ಣು ಕೊಡಬಲ್ಲ ಒಟ್ಟು ಎಳೆತಕ್ಕೆ ಎರಡು ಪಾಲು: ನೆಲ ಮುಟ್ಟಿದ ವಿಸ್ತೀರ್ಣಕ್ಕೆ ತಕ್ಕಂತೆ ಅಂಟಿನ ಪಾಲು, ತೂಕಕ್ಕೆ ತಕ್ಕಂತೆ ತಿಕ್ಕಾಟದ ಪಾಲು. ಕೆಸರು, ಮರಳು, ಹಿಮದಲ್ಲಿ ವಾಹನ ಹೇಗೆ ನಡೆಯುತ್ತದೆ ಎಂಬುದನ್ನೇ ಶಾಸ್ತ್ರವಾಗಿ ಬೆಳೆಸಿದವರು ಪೋಲೆಂಡಿನಲ್ಲಿ ಹುಟ್ಟಿದ ಮೆಚಿಸ್ಲಾವ್ ಬೆಕ್ಕರ್. 1956ರಲ್ಲಿ ಅವರ ಗ್ರಂಥ ಬಂತು. 1971ರಲ್ಲಿ ಅಪೋಲೊ 15ರ ಗಗನಯಾತ್ರಿಗಳು ಚಂದ್ರನ ಧೂಳಿನ ಮೇಲೆ ಓಡಿಸಿದ ಗಾಡಿಯ ಚಕ್ರಕ್ಕೂ ಅವರ ಲೆಕ್ಕವೇ ಆಧಾರ.

ಈ ಎರಡು ಪಾಲಿನ ಲೆಕ್ಕ ನಮ್ಮ ಜಿಲ್ಲೆಯ ಹೊಲಗಳಿಗೆ ಹೇಳಿ ಮಾಡಿಸಿದಂತಿದೆ. ಹಿರಿಯೂರು ಕಡೆ ವೇದಾವತಿ ಬಯಲಿನ ಎರೆಯಲ್ಲಿ ಜೇಡಿಯ ಅಂಶ ಹೆಚ್ಚು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಅಂಗೈ ತೂರುವಷ್ಟು ಬಿರಿಯುತ್ತದೆ. ಹಸಿ ಎರೆಯಲ್ಲಿ ಅಂಟಿನ ಪಾಲೇ ದೊಡ್ಡದು, ತಿಕ್ಕಾಟ ನಗಣ್ಯ. ಅಲ್ಲಿ ಚಕ್ರದ ಮೇಲೆ ಕಲ್ಲು, ಮರಳು ಚೀಲ ಹೇರಿದರೆ ಎಳೆತ ಹೆಚ್ಚುವುದಿಲ್ಲ, ಚಕ್ರ ಇನ್ನಷ್ಟು ಹೂಳುತ್ತದೆ ಅಷ್ಟೆ. ಬೇಕಾದದ್ದು ಅಗಲ ಮತ್ತು ಹಲ್ಲು. ಹೊಸದುರ್ಗದ ಗರಸು ಬೆರೆತ ಕೆಂಪು ನೆಲದಲ್ಲಿ ಮಾತು ಉಲ್ಟಾ. ಮಣ್ಣಿಗೆ ಅಂಟು ಕಡಿಮೆ, ತಿಕ್ಕಾಟ ಹೆಚ್ಚು. ಸಾವೆ, ರಾಗಿ ಬೆಳೆಯುವ ಆ ಹೊಲಗಳಲ್ಲಿ ಇಪ್ಪತ್ತು ಕೆಜಿ ಕಬ್ಬಿಣ ಹೇರಿದರೆ ಆ ಕ್ಷಣವೇ ಎಳೆತ ಏರುವುದು ಗೊತ್ತಾಗುತ್ತದೆ. ಹೊಳಲ್ಕೆರೆಯಲ್ಲಿ ಮೆಕ್ಕೆಜೋಳದ ಕೆಂಪು ಹೊಲವೂ ಇದೆ, ಕೆರೆಗೋಡು ಹೊಡೆದ ಅಡಿಕೆ ತೋಟವೂ ಇದೆ. ಎರಡಕ್ಕೂ ಒಂದೇ ಚಕ್ರ ಸಾಲದು. ಹಾಗಾಗಿ ಹಿರಿಯೂರಿನಲ್ಲಿ ಚೆನ್ನಾಗಿ ಓಡಿದ ಕಿಟ್ಟನ್ನು ನೋಡಿ ಹೊಸದುರ್ಗದವರು ಅದೇ ಅಳತೆ ಬರೆದುಕೊಂಡು ಹೋಗುವುದು ವ್ಯರ್ಥ. ಕಿಟ್ ಆಯ್ಕೆ ಮಣ್ಣಿನಿಂದ ಶುರುವಾಗಬೇಕು, ಬೈಕಿನ ಬ್ರಾಂಡಿನಿಂದಲ್ಲ.

ಆಳ ಹಿಮದವರು ಇದನ್ನು ಬಹಳ ಹಿಂದೆಯೇ ಅರಿತರು. ಹೊಸದಾಗಿ ಬಿದ್ದ ಒಣ ಹಿಮ ಘನಮೀಟರಿಗೆ 50ರಿಂದ 100 ಕೆಜಿ ತೂಗುತ್ತದೆ, ನೀರಿನ ತೂಕದ ಹತ್ತನೇ ಒಂದು ಭಾಗವೂ ಅನುಮಾನ. ಅದರಲ್ಲಿ ಅಂಟೂ ಇಲ್ಲ, ಹೇರಿದ ಭಾರ ಹೊರುವ ಕಸುವೂ ಇಲ್ಲ. ಬೈಕಿನ ಟೈರು ನೆಲವನ್ನು ಒತ್ತುವುದು ಸುಮಾರಾಗಿ ಅದರೊಳಗಿನ ಗಾಳಿಯ ಒತ್ತಡದಷ್ಟೇ, ಚದರ ಸೆಂಟಿಮೀಟರಿಗೆ 2 ಕೆಜಿ. ಸ್ನೋ ಬೈಕಿನ ಟ್ರ್ಯಾಕ್ 28 ಸೆಂ.ಮೀ. ಅಗಲ, ನೆಲ ಮುಟ್ಟುವ ಉದ್ದ ಒಂದು ಮೀಟರಿನ ಆಸುಪಾಸು. ಸವಾರನೂ ಸೇರಿ 230 ಕೆಜಿ ಎಂದಿಟ್ಟುಕೊಂಡರೂ ಒತ್ತಡ ಚದರ ಸೆಂಟಿಮೀಟರಿಗೆ ನೂರು ಗ್ರಾಮಿಗಿಂತ ಕಡಿಮೆ. ಮನುಷ್ಯ ಎರಡು ಕಾಲೂರಿ ನಿಂತರೆ ಇದರ ಎರಡರಷ್ಟು ಒತ್ತುತ್ತಾನೆ. ಸವಾರ ಗಾಡಿಯಿಂದ ಕೆಳಗಿಳಿದೊಡನೆ ಸೊಂಟದವರೆಗೆ ಹೂತುಹೋಗುವುದು, ಗಾಡಿ ಮೇಲೇ ನಿಂತಿರುವುದು ಈ ಕಾರಣಕ್ಕೆ.

ಅಲ್ಲಿ ಟ್ರ್ಯಾಕಿನ ಸುತ್ತಳತೆ 120, 129, 137 ಅಂಗುಲ ಎಂದು ಸಿಗುತ್ತದೆ. ಚಿಕ್ಕದು ಚುರುಕಾಗಿ ತಿರುಗುತ್ತದೆ, ದೊಡ್ಡದು ಆಳ ಹಿಮದಲ್ಲೂ ಭಾರದ ಸವಾರನನ್ನು ಹೊತ್ತು ತೇಲುತ್ತದೆ. ಹಲ್ಲಿನ ಎತ್ತರ ಗಟ್ಟಿ ಹಿಮಕ್ಕೆ ಕಡಿಮೆ, ಪುಡಿಹಿಮಕ್ಕೆ ಎರಡೂವರೆಯಿಂದ ಮೂರು ಅಂಗುಲ. ಎತ್ತರದ ಹಲ್ಲು ಹೆಚ್ಚು ಹಿಮ ತೋಡುತ್ತದೆ, ಹೆಚ್ಚು ಶಕ್ತಿಯನ್ನೂ ತಿನ್ನುತ್ತದೆ. 450 ಸಿಸಿ ಎಂಜಿನ್ ಇದ್ದವರು ಮೂರಂಗುಲದ ಹಲ್ಲಿಗೆ ಹೋಗಬಹುದು, 250 ಸಿಸಿಯವರು ಅದೇ ಹಾಕಿಕೊಂಡರೆ ಏರಿನಲ್ಲಿ ಎಂಜಿನ್ ಉಸಿರು ಕಟ್ಟುತ್ತದೆ.

ಹಲ್ಲಿನ ವಿಷಯದಲ್ಲಿ ಎರೆಗೂ ಹಿಮಕ್ಕೂ ಒಂದು ರೋಗ ಸಾಮಾನ್ಯ. ಹಲ್ಲು ಒತ್ತೊತ್ತಾಗಿದ್ದರೆ ನಡುವೆ ಮಣ್ಣು ತುಂಬಿಕೊಂಡು ಚಕ್ರ ನುಣ್ಣನೆಯ ಉರುಳೆಯಾಗುತ್ತದೆ, ಆಮೇಲೆ ಹಲ್ಲಿದ್ದೂ ಇಲ್ಲದ ಹಾಗೆ. ನಮ್ಮ ಅಂಗಡಿಗಳಲ್ಲಿ 'ಜಾಸ್ತಿ ಹಲ್ಲು ಹಾಕಿ ಸ್ವಾಮಿ' ಎಂದು ಕೇಳಿ ಹಾಕಿಸಿಕೊಳ್ಳುವುದು ಮಾಮೂಲು. ಹೊಸದುರ್ಗದ ಒಣ ಕೆಂಪಿಗೆ ಅದು ನಡೆಯುತ್ತದೆ. ಎರೆಗೆ ಹಲ್ಲು ಕಡಿಮೆ, ಅಂತರ ಹೆಚ್ಚು, ಎತ್ತರ ತುಸು ಹೆಚ್ಚು ಇರಬೇಕು, ಜೊತೆಗೆ ಚಕ್ರಕ್ಕೆ ತಾಗಿದಂತೆ ಮಣ್ಣು ಕೆರೆಯುವ ತಗಡು ಬೇಕೇ ಬೇಕು. ಭತ್ತದ ಗದ್ದೆಯಲ್ಲಿ ಟಿಲ್ಲರಿಗೆ ಹಾಕುವ ಪಂಜರದ ಚಕ್ರವನ್ನು ನೋಡಿದವರಿಗೆ ಇದು ಹೊಸದಲ್ಲ. ಬೆಂಗಳೂರಿನಲ್ಲಿ 1967ರಲ್ಲಿ ಶುರುವಾದ ವಿಎಸ್‌ಟಿ ಕಂಪನಿಯ ಟಿಲ್ಲರುಗಳು ಕರ್ನಾಟಕದ ಗದ್ದೆಗಳಿಗೆ ಬಂದಾಗಿನಿಂದ ಆ ಪಂಜರದ ಚಕ್ರ ಜನರ ಕಣ್ಣಿಗೆ ಪರಿಚಿತ. ಸರಳುಗಳ ನಡುವೆ ಖಾಲಿ ಬಿಟ್ಟಿರುವುದರಿಂದಲೇ ಮಣ್ಣು ಕಳಚಿ ಬೀಳುತ್ತದೆ.

ಇನ್ನು ಗೇರಿನ ಮಾತು. ಕಿಟ್ಟುಗಳು ಸೋಲುವ ದೊಡ್ಡ ಜಾಗ ಇದೇ ಎಂಬುದು ನನ್ನ ಅನಿಸಿಕೆ. ಸಾಲಿನ ನಡುವೆ ಗಿಡ ಮುರಿಯದೆ ಎಡೆ ಹೊಡೆಯಲು ಗಂಟೆಗೆ ಮೂರು, ಹೆಚ್ಚೆಂದರೆ ನಾಲ್ಕು ಕಿಲೋಮೀಟರ್ ವೇಗ ಸಾಕು. ನೂರು ಸಿಸಿಯ ಬೈಕು ಒಂದನೇ ಗೇರಿನಲ್ಲಿ, ಎಂಜಿನ್ ಹಾಯಾಗಿ ಎಳೆಯುವ 4000 ಸುತ್ತಿನಲ್ಲಿ, ಗಂಟೆಗೆ ಹನ್ನೆರಡು ಕಿಲೋಮೀಟರ್ ಓಡುತ್ತದೆ. ನಿಧಾನ ಮಾಡಲು ಸವಾರ ಕ್ಲಚ್ ಅರ್ಧ ಹಿಡಿಯುತ್ತಾನೆ, ಅರ್ಧ ಎಕರೆ ಮುಗಿಯುವುದರೊಳಗೆ ಕ್ಲಚ್ ಪ್ಲೇಟಿನ ಕರಕಲು ವಾಸನೆ. ಪರಿಹಾರ, ಎಂಜಿನ್ನಿಗೂ ಚಕ್ರಕ್ಕೂ ನಡುವೆ ಇನ್ನೊಂದು ದಂಡ. ಎಂಜಿನ್ನಿನ ಚೈನು ಮೊದಲು ಈ ನಡುದಂಡದ ದೊಡ್ಡ ಸ್ಪ್ರಾಕೆಟ್ಟಿಗೆ, ಅಲ್ಲಿಂದ ಚಿಕ್ಕ ಸ್ಪ್ರಾಕೆಟ್ ಮೂಲಕ ಎರಡನೇ ಚೈನು ಚಕ್ರದ ದೊಡ್ಡ ಸ್ಪ್ರಾಕೆಟ್ಟಿಗೆ. ಒಟ್ಟು ಮೊದಲಿಗಿಂತ ಮೂರು ಪಟ್ಟು ನಿಧಾನ, ಮೂರು ಪಟ್ಟು ಎಳೆತ. ಸ್ನೋ ಬೈಕಿನ ಕಿಟ್ಟಿನಲ್ಲೂ ಇಂಥದೇ ನಡುದಂಡವಿದೆ. ಅಲ್ಲಿ ಅದರ ಸ್ಪ್ರಾಕೆಟ್ ಬದಲಿಸಿ ಬೈಕಿನ ಬಲಕ್ಕೂ ಹಿಮದ ಆಳಕ್ಕೂ ಹೊಂದಿಸಿಕೊಳ್ಳುತ್ತಾರೆ. ನಮ್ಮಲ್ಲಿ ಖರ್ಚು ಉಳಿಸಲು ಮೊದಲು ಕೈಬಿಡುವುದೇ ಈ ದಂಡವನ್ನು. ಹಿಂದಿನ ಸ್ಪ್ರಾಕೆಟ್ಟನ್ನಷ್ಟೇ ದೊಡ್ಡದು ಮಾಡಿ ಸುಧಾರಿಸಲು ನೋಡುತ್ತಾರೆ. ಚೈನು ಬೆಳೆಗೆ ಉಜ್ಜುವಷ್ಟು ದೊಡ್ಡ ಸ್ಪ್ರಾಕೆಟ್ ಹಾಕಿದರೂ ಒಂದೇ ಮೆಟ್ಟಿಲಲ್ಲಿ ಮೂರು ಪಟ್ಟು ಸಿಗುವುದಿಲ್ಲ.

ಕಿಟ್ ಕೂತ ಮೇಲೆ ಹೊಲದಲ್ಲಿ ಶ್ರುತಿ ಮಾಡಬೇಕು. ಇದಕ್ಕೆ ಉಪಕರಣ ಏನೂ ಬೇಡ, ಸುಣ್ಣದ ಪುಡಿ ಸಾಕು. ಚಕ್ರದ ಮೇಲೆ ಒಂದು ಗುರುತು ಹಾಕಿ, ಕುಂಟೆ ಮೇಲೆತ್ತಿ ಹತ್ತು ಸುತ್ತು ಓಡಿಸಿ ದೂರ ಅಳೆಯಿರಿ. ಅದು 18 ಮೀಟರ್ ಬಂತು ಅನ್ನಿ. ಈಗ ಕುಂಟೆ ಇಳಿಸಿ ಮತ್ತೆ ಹತ್ತು ಸುತ್ತು. 15 ಮೀಟರ್ ಬಂದರೆ ಜಾರಿಕೆ ಶೇಕಡಾ 17. ಅಲ್ಲಿಯವರೆಗೆ ತಕರಾರಿಲ್ಲ. 12 ಮೀಟರಿಗೆ ಇಳಿದರೆ ಪೆಟ್ರೋಲಿನ ಮೂರನೇ ಒಂದು ಭಾಗ ಮಣ್ಣು ಕಲಸುವುದಕ್ಕೇ ಹೋಗುತ್ತಿದೆ ಎಂದು ತಿಳಿಯಬೇಕು. ಆಗ ಮೊದಲು ಕುಳದ ಆಳ ಕಡಿಮೆ ಮಾಡಿ. ಕಳೆ ಚಿಕ್ಕದಿರುವಾಗ ಒಂದೂವರೆ ಅಂಗುಲ ಆಳ ಧಾರಾಳವಾಯಿತು. ಎರಡಂಗುಲ, ಮೂರಂಗುಲ ಹೋಗುವುದು ಗಂಡಸಿನ ಹಟವೇ ಹೊರತು ಕಳೆಗೆ ಅದರಿಂದ ಹೆಚ್ಚಿನ ನಷ್ಟವಿಲ್ಲ, ಬೆಳೆಯ ಬೇರಿಗೆ ಇದೆ.

ಕುಂಟೆ ಸಿಕ್ಕಿಸುವ ಎತ್ತರವೂ ಮುಖ್ಯ. ಕೊಂಡಿ ಮೇಲಿದ್ದಷ್ಟೂ ಎಳೆತ ಹಿಂದಿನ ಚಕ್ರಗಳನ್ನು ಒತ್ತುತ್ತದೆ, ಅದೇ ವೇಳೆ ಮುಂಚಕ್ರ ಹಗುರಾಗಿ ಹ್ಯಾಂಡಲ್ ಮಾತು ಕೇಳುವುದನ್ನು ನಿಲ್ಲಿಸುತ್ತದೆ. ಸಾಲಿನ ತುದಿಯಲ್ಲಿ ತಿರುಗಿಸುವಾಗ ಬೈಕು ನೇರ ಹೋಗುತ್ತಿದ್ದರೆ ಕೊಂಡಿಯನ್ನು ಒಂದು ತೂತು ಕೆಳಗಿಳಿಸಬೇಕು. ಸ್ನೋ ಬೈಕಿನವರಿಗೂ ಇದೇ ತೂಗಾಟ. ಟ್ರ್ಯಾಕಿನ ಮುಂದಿನ ಸಸ್ಪೆನ್ಷನ್ ಬಿಗಿ ಮಾಡಿದರೆ ಮುಂದಿನ ಹಲಗೆ ಹಗುರಾಗಿ ಆಳ ಹಿಮದ ಮೇಲೆ ತೇಲುತ್ತದೆ, ತಿರುವಿನಲ್ಲಿ ಮಾತ್ರ ಕೈಕೊಡುತ್ತದೆ. ಸಡಿಲ ಮಾಡಿದರೆ ತಿರುವು ಹಿಡಿಯುತ್ತದೆ, ಮೂತಿ ಹಿಮಕ್ಕೆ ಚುಚ್ಚುತ್ತದೆ. ಸವಾರನ ತೂಕ ಬದಲಾದರೆ ಎಲ್ಲ ಮತ್ತೆ ಮೊದಲಿನಿಂದ.

ಎರಡು ಲೋಕಗಳು ಬೆನ್ನು ತಿರುಗಿಸುವುದು ಎಂಜಿನ್ನಿನ ಬಿಸಿಯ ವಿಷಯದಲ್ಲಿ. ಹಿಮದಲ್ಲಿ ಎಂಜಿನ್ ಬಿಸಿಯಾಗುವುದಿಲ್ಲ ಎಂಬುದೇ ತಲೆನೋವು. ಅದಕ್ಕೆ ಥರ್ಮೋಸ್ಟಾಟ್ ಕೂಡಿಸುತ್ತಾರೆ, ರೇಡಿಯೇಟರಿಗೆ ಹೊದಿಕೆ ಹಾಕುತ್ತಾರೆ. ನಮ್ಮಲ್ಲಿ ಗಾಳಿಯಿಂದ ತಂಪಾಗುವ ಎಂಜಿನ್ನಿಗೆ ಗಾಳಿ ಸಿಗಬೇಕಾದರೆ ಬೈಕು ಓಡಬೇಕು. ಗಂಟೆಗೆ ಮೂರು ಕಿಲೋಮೀಟರಿನಲ್ಲಿ, ಅದೂ ಪೂರ್ತಿ ಭಾರದಲ್ಲಿ, ರೆಕ್ಕೆಗಳಿಗೆ ಬೀಸುವ ಗಾಳಿ ಎಲ್ಲಿಂದ ಬರಬೇಕು? ಆಟೋರಿಕ್ಷಾ, ಸ್ಕೂಟರಿನ ಎಂಜಿನ್ನುಗಳಲ್ಲಿ ಫ್ಯಾನ್ ಇರುವುದು ಇದಕ್ಕೇ. ಬೈಕಿಗೆ ಫ್ಯಾನ್ ಜೋಡಿಸದೆ ಕಿಟ್ ಮಾರುವವರನ್ನು ನಾನು ನಂಬುವುದಿಲ್ಲ. ಫ್ಯಾನ್ ಇಲ್ಲದವರು ಬೆಳಗಿನ ಜಾವ, ಸಂಜೆ ದುಡಿದು, ಪ್ರತಿ ಮೂರ್ನಾಲ್ಕು ಸಾಲಿಗೆ ನೆರಳಲ್ಲಿ ನಿಲ್ಲಿಸುವುದು ಕ್ಷೇಮ. ಎಂಜಿನ್ ಆಯಿಲನ್ನು ಕಿಲೋಮೀಟರ್ ನೋಡಿ ಬದಲಿಸುವ ರೂಢಿಯೂ ಇಲ್ಲಿ ಮೋಸ ಮಾಡುತ್ತದೆ. ದಿನವಿಡೀ ದುಡಿದರೂ ಮೀಟರಿನಲ್ಲಿ ಏರುವುದು ಇಪ್ಪತ್ತೈದು ಕಿಲೋಮೀಟರ್, ಎಂಜಿನ್ ಮಾತ್ರ ಬೆಂಗಳೂರಿಗೆ ಹೋಗಿ ಬಂದಷ್ಟು ತಿರುಗಿರುತ್ತದೆ. ಗಂಟೆಯ ಲೆಕ್ಕ ಗೋಡೆಯ ಮೇಲೆ ಬರೆದಿಡಬೇಕು.

ಕಾರ್ಬುರೇಟರಿನ ಜೆಟ್ಟಿನ ಬಗ್ಗೆ ಹಿಮದವರು ಪುರಾಣವನ್ನೇ ಹೇಳುತ್ತಾರೆ. ಮೈನಸ್ 20 ಡಿಗ್ರಿಯ ಗಾಳಿ 30 ಡಿಗ್ರಿಯ ಗಾಳಿಗಿಂತ ಐದನೇ ಒಂದು ಪಾಲು ದಟ್ಟ, ಅದಕ್ಕೆ ಹೆಚ್ಚು ಪೆಟ್ರೋಲ್ ಬೇಕು. ಮೂರು ಸಾವಿರ ಮೀಟರ್ ಎತ್ತರ ಏರಿದರೆ ಗಾಳಿ ತೆಳುವಾಗಿ ಪೆಟ್ರೋಲ್ ಕಡಿಮೆ ಸಾಕು. ಸಮುದ್ರಮಟ್ಟದಿಂದ ಏಳುನೂರು ಮೀಟರ್ ಮೇಲಿರುವ ನಮಗೆ ಈ ತಾಪತ್ರಯ ಇಲ್ಲ. ನಮ್ಮ ಕೇಡು ಧೂಳು. ಏರ್ ಫಿಲ್ಟರ್ ದಿನಕ್ಕೊಮ್ಮೆ ಬಿಚ್ಚಿ ಕೊಡವದಿದ್ದರೆ ಪಿಸ್ಟನ್ ರಿಂಗ್ ಒಂದು ಹಂಗಾಮೂ ತಡೆಯುವುದಿಲ್ಲ. 2020ರ ಏಪ್ರಿಲ್ ನಂತರದ ಬಹುತೇಕ ಬಿಎಸ್-6 ಬೈಕುಗಳಲ್ಲಿ ಕಾರ್ಬುರೇಟರ್ ಹೋಗಿ ಇಂಜೆಕ್ಷನ್ ಬಂದಿದೆ. ಸೆನ್ಸರಿನ ವೈರು ಕುಂಟೆಗೆ ಸಿಕ್ಕಿ ಹರಿದರೆ ಹೊಲದಲ್ಲೇ ನಿಲ್ಲುತ್ತದೆ, ಹಾಗಾಗಿ ಹಳೇ ಬೈಕೇ ಮೇಲು.

ಕಾನೂನಿನ ಒಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನ ಬದಲಿಸುವ ಹಾಗಿಲ್ಲ. ಕಿಟ್ ಹಾಕಿದ ಬೈಕನ್ನು ಹೊಲದಿಂದ ಹೊಲಕ್ಕೆ ಟಾರು ರಸ್ತೆಯ ಮೇಲೆ ಓಡಿಸಿ ಅಪಘಾತವಾದರೆ ವಿಮೆಯವರು ಕೈ ಎತ್ತುತ್ತಾರೆ. ಫ್ರೇಮ್ ಕತ್ತರಿಸಿ ಬೆಸುಗೆ ಹಾಕುವ ಕಿಟ್ಟಿಗಿಂತ ನಟ್ಟು ಬೋಲ್ಟಿನಲ್ಲೇ ಕೂರುವ ಕಿಟ್ಟನ್ನು ಹುಡುಕಬೇಕು ಎನ್ನಲು ಇದೂ ಒಂದು ಕಾರಣ. ಚೈನುಗಳಿಗೆ ತಗಡಿನ ಮುಚ್ಚಳ ಹಾಕಿಸದಿದ್ದರೆ ಪಂಚೆಯ ಅಂಚು ಸಿಕ್ಕಿಕೊಳ್ಳುವುದು ತಡವಾಗುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಕಿಟ್ ಎಲ್ಲ ಬೆಳೆಗೂ ಒಗ್ಗುವುದಿಲ್ಲ. ಮೆಕ್ಕೆಜೋಳ, ಸೂರ್ಯಕಾಂತಿಗೆ ಸಾಲಿನಿಂದ ಸಾಲಿಗೆ 60 ಸೆಂ.ಮೀ., ಹತ್ತಿ, ತೊಗರಿಗೆ 90. ಇವುಗಳಲ್ಲಿ ಬೈಕು ಸರಾಗ. ಶೇಂಗಾಕ್ಕೆ 30 ಸೆಂ.ಮೀ. ಸಾಲು, ಅಲ್ಲಿ ಚಕ್ರಗಳ ಅಂತರವನ್ನು ಎರಡು ಸಾಲಿಗೆ ಹೊಂದಿಸಿ, ಗಿಡ ಹೂ ಕಟ್ಟಿ ಊಡು ಇಳಿಯುವ ಮುಂಚೆಯೇ ಮುಗಿಸಬೇಕು, ತಡವಾದರೆ ಕಾಯಿಗೆ ಪೆಟ್ಟು. ಅಡಿಕೆ, ತೆಂಗಿನ ತೋಟಕ್ಕೆ ಪವರ್ ವೀಡರನ್ನು ಕೃಷಿ ಯಂತ್ರಧಾರೆ ಕೇಂದ್ರದಿಂದ ಬಾಡಿಗೆಗೆ ತರುವುದೇ ಲೇಸು. ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಯಾವ ಬೆಳೆಗೆ ಯಾವ ಯಂತ್ರ ಎಂದು ಕೇಳಿಕೊಂಡು ಹೊರಟರೆ ಲೇತ್ ಅಂಗಡಿಯ ಒಂದು ಸುತ್ತು ಉಳಿದೀತು. ಇನ್ನು ಜಿಲ್ಲೆಯ ದೊಡ್ಡ ದುಡ್ಡಿನ ಬೆಳೆ ಈರುಳ್ಳಿ. ಅದರ ಸಾಲಿನ ಅಂತರ 15 ಸೆಂ.ಮೀ., ಗಿಡದಿಂದ ಗಿಡಕ್ಕೆ 10. ಎತ್ತಿಗೂ ಬೈಕಿಗೂ ಅಲ್ಲಿ ಜಾಗವಿಲ್ಲ. ಕುಡುಗೋಲು, ಕುರ್ಚಿಗೆ ಹಿಡಿದು ಸಾಲು ಸಾಲಾಗಿ ಕೂತ ಹೆಂಗಸರೇ ಈಗಲೂ ಅದರ ಕಳೆ ತೆಗೆಯುತ್ತಾರೆ, ಜಿಲ್ಲೆಯಲ್ಲಿ ಕೂಲಿಯಾಳಿನ ಅಭಾವ ಹೆಚ್ಚು ಕಾಡುವುದೂ ಆ ಹೊಲಗಳಲ್ಲೇ.